ಇನ್ನೂ ಬರೆಯದ ಕಥೆಗೆ ಮುಂಗಡ

ಓದುಗರ ಪತ್ರ: “ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ವಿಜ್ಞಾನದ ಲೆಕ್ಕ ಸರಿಯಾಗಿರುವ ಸಣ್ಣಕಥೆಗಳ ಪತ್ರಿಕೆಯೊಂದಕ್ಕೆ ಚಂದಾದಾರನಾಗುವ ಆಸೆ. ಯಾವುದು ಒಳ್ಳೆಯದು? ಕಥೆಗಳು ಬಿಟ್ಟಿಯಾಗಿಯೇ ಸಿಗುವಾಗ ದುಡ್ಡು ಕೊಟ್ಟು ತರಿಸುವುದು ದಂಡ ಅಂತ ಮನೆಯಲ್ಲಿ ಹೇಳುತ್ತಾರೆ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೆ. ಏನು ಮಾಡಲಿ?” – ಚಳ್ಳಕೆರೆ ತಾಲ್ಲೂಕಿನ ಶಿಕ್ಷಕರೊಬ್ಬರು

ಸಂಪಾದಕರ ಉತ್ತರ:

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಓದಿದಾಗ ನನಗೆ ಇನ್ನೊಬ್ಬ ಮೇಷ್ಟ್ರು ನೆನಪಾದರು. ಹೆಸರು ಹ್ಯಾರಿ ಸ್ಟಬ್ಸ್. ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಿಲ್ಟನ್ ಅಕಾಡೆಮಿ ಎಂಬ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಹಾಲ್ ಕ್ಲೆಮೆಂಟ್ ಎಂಬ ಹೆಸರಿನಲ್ಲಿ ಕಥೆ ಬರೆಯುತ್ತಿದ್ದರು. 1953ರ ಏಪ್ರಿಲ್‌ನಿಂದ ಜುಲೈವರೆಗೆ ಅವರ ‘ಮಿಷನ್ ಆಫ್ ಗ್ರಾವಿಟಿ’ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆ ಪತ್ರಿಕೆಗೆ ಆಗ ‘ಅಸ್ಟೌಂಡಿಂಗ್’ ಅಂತ ಹೆಸರು. 1960ರಿಂದ ಅದೇ ‘ಅನಲಾಗ್’. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಅದೇ ಹೆಸರು.

ಆ ಕಾದಂಬರಿಯ ವಿಷಯ ಸ್ವಲ್ಪ ಹೇಳಲೇಬೇಕು. ಹೇಳದಿದ್ದರೆ ‘ಹಾರ್ಡ್ ಸೈನ್ಸ್ ಫಿಕ್ಷನ್’, ಅಂದರೆ ನೀವು ಕೇಳಿದಂಥ ಲೆಕ್ಕ ಸರಿಯಾಗಿರುವ ವಿಜ್ಞಾನ ಕಥೆ, ಹೇಗಿರುತ್ತದೆ ಅಂತ ಹಿಡಿಯುವುದು ಕಷ್ಟ. ಮೆಸ್ಕ್ಲಿನ್ ಎಂಬ ಗ್ರಹ. ಅದರ ಒಂದು ದಿನ ಸುಮಾರು 18 ನಿಮಿಷ. ಅಷ್ಟು ಜೋರಾಗಿ ತಿರುಗುವುದರಿಂದ ಗ್ರಹ ದೋಸೆಯ ಹಾಗೆ ಚಪ್ಪಟೆಯಾಗಿದೆ. ನಡುಗೆರೆಯಲ್ಲಿ ನಿಂತರೆ, ತಿರುಗುವ ಗ್ರಹ ಹೊರಕ್ಕೆ ಎಸೆಯುವುದನ್ನು ಕಳೆದು ಉಳಿಯುವುದು ನಮ್ಮ ಭೂಮಿಯ 3 ಪಟ್ಟು ಸೆಳೆತ. ಧ್ರುವಕ್ಕೆ ಹೋದರೆ ಸುಮಾರು 700 ಪಟ್ಟು. ಇಲ್ಲಿ 60 ಕಿಲೋ ತೂಗುವವನು ಅಲ್ಲಿ 42 ಸಾವಿರ ಕಿಲೋ! ಅಲ್ಲಿಯ ಜೀವಿಗಳು ಒಂದು ಮೊಳಕ್ಕಿಂತ ಗಿಡ್ಡ, ಶತಪದಿಯ ಹಾಗೆ ನೆಲಕ್ಕೆ ಅಂಟಿಕೊಂಡು ಓಡಾಡುವಂಥವು. ಕೆಲವು ಅಂಗುಲ ಎತ್ತರದಿಂದ ಬಿದ್ದರೂ ಸಾವು. ಹಾಗಾಗಿ ಅವಕ್ಕೆ ಎತ್ತರ ಅಂದರೆ ಜೀವಭಯ. ತಲೆಯ ಮೇಲೆ ಏನಾದರೂ ಇದ್ದರೆ ಅದಕ್ಕಿಂತ ದೊಡ್ಡ ಭಯ. ಈ ಭಯವನ್ನು ಕಥೆಗಾರರು ಸುಮ್ನೆ ಕಲ್ಪಿಸಲಿಲ್ಲ. ಅದು ಲೆಕ್ಕದಿಂದ ಹುಟ್ಟಿದ ಭಯ. ಆ ಜೀವಿಗಳಲ್ಲೇ ಹಡಗಿನ ನಾಯಕನಾದವನೊಬ್ಬ ಮೊದಲ ಸಲ ಮೇಲಕ್ಕೆ ಎತ್ತಿಸಿಕೊಳ್ಳುವಾಗ ನಡುಗುತ್ತಾನಲ್ಲ, ಆ ಜಾಗದಲ್ಲಿ ನನಗೂ ಹೊಟ್ಟೆ ಹಿಂಡಿತ್ತು.

ಧಾರಾವಾಹಿ ನಡೆಯುತ್ತಿರುವಾಗಲೇ, ಜೂನ್ ಸಂಚಿಕೆಯಲ್ಲಿ, ಕ್ಲೆಮೆಂಟ್ ಒಂದು ಲೇಖನ ಬರೆದರು. ಗ್ರಹವನ್ನು ಹೇಗೆ ಕಟ್ಟಿದೆ ಅಂತ ಪೂರ್ತಿ ಲೆಕ್ಕ ಬಿಚ್ಚಿಟ್ಟರು. ಇದೊಂದು ಆಟ ಅಂತ ಅವರು ಅಲ್ಲಿ ವಿವರಿಸುತ್ತಾರೆ. ವಿಜ್ಞಾನಕ್ಕೆ ಹೊಂದದ ತಪ್ಪನ್ನು ಹುಡುಕುವುದು ಓದುಗರ ಪಾಲಿನ ಆಟ. ಅಂಥ ತಪ್ಪನ್ನು ಆದಷ್ಟು ಕಡಿಮೆ ಮಾಡುವುದು ಬರೆಯುವವರ ಪಾಲಿನದು. ಓದುಗರು ಆಡಿಯೂ ಬಿಟ್ಟರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನ ಕಥೆಗಳ ಸಂಘದವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಈ ಗ್ರಹದ ನಡುಗೆರೆ ಚೂಪಾದ ಅಂಚಾಗಿರಬೇಕಿತ್ತು ಅಂತ ತೋರಿಸಿದರು. ಕ್ಲೆಮೆಂಟ್ ಅದನ್ನು ಖುಷಿಯಿಂದಲೇ ಒಪ್ಪಿಕೊಂಡರು. ನಿಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಬೋರ್ಡಿನ ಮೇಲಿನ ತಪ್ಪು ಹಿಡಿದ ದಿನ ನಿಮಗೂ ಹೀಗೇ ಅನ್ನಿಸಿರುತ್ತದೆ, ಅಲ್ವಾ?

ಈ ಪತ್ರಿಕೆ ಶುರುವಾದದ್ದು 1930ರ ಜನವರಿಯಲ್ಲಿ. 1937ರ ಕೊನೆಗೆ ಜಾನ್ ಕ್ಯಾಂಬೆಲ್ ಸಂಪಾದಕರಾಗಿ ಬಂದರು. 1971ರಲ್ಲಿ ತೀರಿಕೊಳ್ಳುವವರೆಗೂ ಅವರೇ ಇದ್ದರು. 1944ರ ಮಾರ್ಚ್ ಸಂಚಿಕೆಯಲ್ಲಿ ಯುರೇನಿಯಂ ಬಾಂಬಿನ ಕಥೆಯೊಂದು ಬಂತು. ಹಿರೋಷಿಮಾಕ್ಕೆ ಇನ್ನೂ ಒಂದೂವರೆ ವರ್ಷ ಇತ್ತು! ಗುಟ್ಟು ಎಲ್ಲಿಂದ ಹೊರಬಿತ್ತು ಅಂತ ಸೇನೆಯ ಗುಪ್ತಚರರು ಕಚೇರಿಗೆ ಬಂದು ವಿಚಾರಿಸಿದರು. ಗುಟ್ಟು ಹೊರಬಿದ್ದಿರಲಿಲ್ಲ. ಎಲ್ಲವೂ ಮೊದಲೇ ಅಚ್ಚಾಗಿದ್ದ ವಿಜ್ಞಾನದಿಂದ ತೆಗೆದದ್ದು.

ಕ್ಯಾಂಬೆಲ್‌ರನ್ನು ಹೊಗಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. 1950ರಲ್ಲಿ ಡಯನೆಟಿಕ್ಸ್ ಎಂಬ ಹುಸಿ ವಿಜ್ಞಾನಕ್ಕೆ ಅವರು ಇದೇ ಪುಟಗಳನ್ನು ಬಿಟ್ಟುಕೊಟ್ಟರು. ಜನಾಂಗದ ಬಗ್ಗೆ ಅವರು ಬರೆದದ್ದು ಓದಿದರೆ ಸಿಟ್ಟು ಬರುತ್ತದೆ. ಹೊಸ ಬರಹಗಾರರಿಗೆ ಅವರ ಹೆಸರಿನಲ್ಲಿ ಕೊಡುತ್ತಿದ್ದ ಪ್ರಶಸ್ತಿಯ ಹೆಸರನ್ನು 2019ರಲ್ಲಿ ಬದಲಿಸಿದ್ದು ಸರಿಯಾಗಿಯೇ ಇದೆ. ಸಂಪಾದಕ ಎಷ್ಟೇ ಬುದ್ಧಿವಂತನಾಗಿದ್ದರೂ ಪೆನ್ಸಿಲ್ ಹಿಡಿದು ಓದುವ ಓದುಗರು ಬೇಕೇ ಬೇಕು. ಅನಲಾಗ್‌ನಲ್ಲಿ ‘ಬ್ರಾಸ್ ಟ್ಯಾಕ್ಸ್’ ಎಂಬ ಪತ್ರಗಳ ವಿಭಾಗ ಇದೆ. ನಾನು ಮೊದಲು ತೆರೆಯುವುದು ಅದನ್ನೇ.

ಈಗ ದುಡ್ಡಿನ ಮಾತು. ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆ.

ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಈ ಪತ್ರಿಕೆಯ ಹಳೆಯ ಸಂಚಿಕೆಯೊಂದು ನನಗೆ ಸಿಕ್ಕಿತ್ತು. ಅದರಲ್ಲಿ ಮೂರು ಕಂತಿನ ಧಾರಾವಾಹಿಯ ಎರಡನೇ ಕಂತು ಇತ್ತು. ಮೊದಲ ಕಂತನ್ನು ಊಹಿಸಿಕೊಂಡು ಓದಿದೆ. ಮೂರನೆಯದಕ್ಕಾಗಿ ತಿಂಗಳುಗಟ್ಟಲೆ ಆ ರಸ್ತೆಯಲ್ಲಿ ಅಲೆದೆ. ಸಿಗಲಿಲ್ಲ. ಪತ್ರಿಕೆ ನನ್ನ ಹೆಸರಿಗೇ ಬರಬೇಕು ಅಂತ ಮೊದಲ ಸಲ ಅನ್ನಿಸಿದ್ದು ಆಗ.

ಸಂಪಾದಕನ ಕುರ್ಚಿಗೆ ಬಂದ ಮೇಲೆ ಇನ್ನೊಂದು ವಿಷಯ ತಿಳಿಯಿತು. ಪುಸ್ತಕ ಕೊಳ್ಳುವಾಗ ಬರೆದು ಮುಗಿದ ಕಥೆಗೆ ದುಡ್ಡು ಕೊಡುತ್ತೇವೆ. ಚಂದಾ ಕಟ್ಟುವಾಗ ಇನ್ನೂ ಯಾರೂ ಬರೆಯದ ಕಥೆಗೆ ಮುಂಗಡ ಕೊಡುತ್ತೇವೆ. ಮುಂದಿನ ವರ್ಷ ಇಷ್ಟು ಜನ ಖಂಡಿತ ಓದುತ್ತಾರೆ ಎಂಬ ಲೆಕ್ಕ ಕೈಯಲ್ಲಿದ್ದರೆ ಮಾತ್ರ ಹೆಸರೇ ಕೇಳದ ಹುಡುಗಿಯೊಬ್ಬಳ ಮೊದಲ ಕಥೆಯನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಲೆಕ್ಕ ಇಲ್ಲದಿದ್ದರೆ ಹೆಸರಾದವರ ಹಿಂದೆಯೇ ಓಡಬೇಕು. ನಮ್ಮ ಪತ್ರಿಕೆಯಲ್ಲೂ ಇದೇ ಕಥೆ. ಲೆಕ್ಕ ತಪ್ಪದ ವಿಜ್ಞಾನ ಕಥೆಗಳಿಗಂತೂ ಇದು ಇನ್ನೂ ಜಾಸ್ತಿ ನಿಜ. ಅಂಥ ಕಥೆ ಬರೆಯಲು ಹೊತ್ತು ಹಿಡಿಯುತ್ತದೆ. ಪರೀಕ್ಷಿಸಲೂ ಹೊತ್ತು ಹಿಡಿಯುತ್ತದೆ.

ಬಿಟ್ಟಿ ಕಥೆಗಳನ್ನು ಓದಬೇಡಿ ಅನ್ನುತ್ತಿಲ್ಲ. 2006ರಲ್ಲಿ ಶುರುವಾದ ‘ಕ್ಲಾರ್ಕ್ಸ್‌ವರ್ಲ್ಡ್’ ಎಲ್ಲ ಕಥೆಗಳನ್ನೂ ಜಾಲದಲ್ಲಿ ಬಿಟ್ಟಿಯಾಗಿಯೇ ಕೊಡುತ್ತದೆ. ಇವತ್ತೇ ಓದಲು ಶುರು ಮಾಡಿ. ಆದರೆ 2023ರ ಫೆಬ್ರವರಿಯಲ್ಲಿ ಯಂತ್ರದಿಂದ ಬರೆಸಿದ ಕಥೆಗಳು ರಾಶಿ ರಾಶಿ ಬಂದು ಬಿದ್ದು, ಅವರು ಕೆಲವು ವಾರ ಕಥೆ ಸ್ವೀಕರಿಸುವುದನ್ನೇ ನಿಲ್ಲಿಸಬೇಕಾಯಿತು. ಆ ರಾಶಿಯನ್ನು ಜರಡಿ ಹಿಡಿಯಲು ಮನುಷ್ಯರೇ ಕೂರಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆಜಾನ್ ತನ್ನ ಇ-ಪುಸ್ತಕ ಓದುವ ಸಾಧನ ಕಿಂಡಲ್‌ನ ಪತ್ರಿಕಾ ಚಂದಾ ವ್ಯವಸ್ಥೆಯನ್ನು ಮುಚ್ಚಿತು. ಇಂಥ ಪತ್ರಿಕೆಗಳಿಗೆ ಅದು ದೊಡ್ಡ ಏಟು. ಬಿಟ್ಟಿ ಓದುವವರ ಪಾಲನ್ನೂ ಸೇರಿಸಿ ಹೊರುತ್ತಿರುವವರು ಚಂದಾದಾರರೇ.

ಇನ್ನು ಚಂದಾ ಹೇಗೆ ಕಟ್ಟುವುದು ಅನ್ನುವ ಮಾತು. ಅಚ್ಚಿನ ಪ್ರತಿ ತರಿಸಬೇಡಿ. ಅಮೆರಿಕದಿಂದ ಇಲ್ಲಿಗೆ ಅಂಚೆ ಖರ್ಚು ಜೇಬು ಸುಡುತ್ತದೆ. ಡಿಜಿಟಲ್ ಪ್ರತಿ ತೆಗೆದುಕೊಳ್ಳಿ, ನೇರವಾಗಿ ಪ್ರಕಾಶಕರ ಜಾಲತಾಣದಿಂದಲೇ. ನಿಮ್ಮ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ಪಾವತಿ ಬಂದ್ ಆಗಿರುವ ಸಾಧ್ಯತೆ ಜಾಸ್ತಿ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಕಟ್ಟಿ, ಮತ್ತೆ ಮುಚ್ಚಿಬಿಡಿ. ಡಾಲರಿನ ಲೆಕ್ಕವಾದ್ದರಿಂದ ಬ್ಯಾಂಕು ಮೇಲೆ ಸ್ವಲ್ಪ ಹಿಡಿದುಕೊಳ್ಳುತ್ತದೆ. ತಾನಾಗಿಯೇ ದುಡ್ಡು ಕಟ್ ಆಗುವ ವ್ಯವಸ್ಥೆ ಬೇಡ, ಒಂದು ವರ್ಷಕ್ಕೆ ಒಮ್ಮೆಲೇ ಕಟ್ಟಿ. ಎರಡು ವರ್ಷಕ್ಕೂ ಬೇಡ. 2025ರಲ್ಲಿ ಅನಲಾಗ್‌ನ ಒಡೆತನ ಬದಲಾಗಿದೆ, ಹೊಸಬರು ಹೇಗೆ ನಡೆಸುತ್ತಾರೆ ಅಂತ ಒಂದು ವರ್ಷ ನೋಡೋಣ. 2017ರಿಂದ ಅದು ಎರಡು ತಿಂಗಳಿಗೊಮ್ಮೆ ಬರುವ ದಪ್ಪ ಸಂಚಿಕೆಯಾಯಿತು. ನಿಧಾನ ಓದುವವರಿಗೆ ಇದು ಅನುಕೂಲವೇ.

ಇಂಗ್ಲಿಷಿನ ಬಗ್ಗೆ ಹೆದರಬೇಡಿ. ಬೇರೆ ಕಥೆಗಳಲ್ಲಿ ನಮಗೆ ಕಷ್ಟವಾಗುವುದು ಅಲ್ಲಿಯ ಊಟ, ಹಬ್ಬ, ಬೈಗುಳ, ತಮಾಷೆ. ಇಲ್ಲಿ ಕಥೆಯ ಬೆನ್ನೆಲುಬು ವೇಗ, ಶಾಖ, ಒತ್ತಡ, ಕಕ್ಷೆ. ಇವೆಲ್ಲ ನಿಮ್ಮ ಮನೆಯ ಮಾತು. ಮೊದಲು ವಿಜ್ಞಾನ ಲೇಖನ ಓದಿ, ಪ್ರತಿ ಸಂಚಿಕೆಯಲ್ಲೂ ಒಂದು ಇರುತ್ತದೆ. ಆಮೇಲೆ ಎಲ್ಲಕ್ಕಿಂತ ಚಿಕ್ಕ ಕಥೆ. ಉದ್ದದ ಕಥೆಗಳನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ, ಮುಂದೆ ಹೋಗಿ. ಲೆಕ್ಕ ಹೊಂದುತ್ತಿಲ್ಲ ಅನ್ನಿಸಿದರೆ ಮಾತ್ರ ನಿಲ್ಲಿ.

ಒಂದು ಕೆಲಸ ಈಗಲೇ ಮಾಡಬಹುದು. ಮೆಸ್ಕ್ಲಿನ್‌ನ ನಡುಗೆರೆಯ ಅಡ್ಡಳತೆ ಸುಮಾರು 77 ಸಾವಿರ ಕಿಲೋಮೀಟರ್, ದಿನ 18 ನಿಮಿಷ. ನಡುಗೆರೆಯಲ್ಲಿ ನಿಂತವನನ್ನು ಗ್ರಹ ಎಷ್ಟು ಜೋರಾಗಿ ಹೊರಕ್ಕೆ ಎಸೆಯಲು ನೋಡುತ್ತದೆ? ಮಕ್ಕಳಿಗೆ ಸೂತ್ರ ಕೊಟ್ಟು, ಅವರ ಕೈಯಲ್ಲೇ ಲೆಕ್ಕ ಮಾಡಿಸಿ. ನನಗೆ ಭೂಮಿಯ ಸೆಳೆತದ 130 ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬಂತು. ಅವರಿಗೆ ಬೇರೆ ಬಂದರೆ ಲೆಕ್ಕದ ಹಾಳೆಯನ್ನೇ ಕಳಿಸಿ, ನಮ್ಮ ಪತ್ರಗಳ ಪುಟದಲ್ಲಿ ಹಾಕುತ್ತೇನೆ. ನಿಮ್ಮ ಮೊದಲ ಸಂಚಿಕೆ ಬಂದ ಮೇಲೂ ಬರೆಯಿರಿ. ಯಾವ ಕಥೆಯ ಹತ್ತಿರ ಪೆನ್ಸಿಲ್ ಎತ್ತಿಕೊಂಡಿರಿ ಅಂತ ನನಗೆ ತಿಳಿಯಬೇಕು.

– ಸಂ.