ವಿಶ್ವ ಆರೋಗ್ಯ ಸಂಸ್ಥೆ ಎನ್‌ಜಿಒ ಅಲ್ಲವೇ?

ವಿಶ್ವ ಆರೋಗ್ಯ ಸಂಸ್ಥೆಯೂ ಜಿನೀವಾದಲ್ಲಿದೆ, ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯೂ ಅಲ್ಲೇ ಇದೆ, ಎರಡೂ ಜಗತ್ತಿನ ತುಂಬ ಕೆಲಸ ಮಾಡುತ್ತವೆ. ಹಾಗಿದ್ದರೆ ಒಂದು ಅಂತರ್‌ಸರ್ಕಾರಿ (ಸರ್ಕಾರಗಳೇ ಕೂಡಿ ಕಟ್ಟಿದ್ದು), ಇನ್ನೊಂದು ಸರ್ಕಾರೇತರ (ಎನ್‌ಜಿಒ) ಹೇಗೆ ಎಂದು ಕೇಳಿದ್ದೀರಿ. ಕೆಲಸ ನೋಡಿ ಗುರುತಿಸಲು ಹೋದರೆ ದಾರಿ ತಪ್ಪುತ್ತೀರಿ. ಸದಸ್ಯರು ಯಾರೆಂದು ನೋಡಿ.

ಸರ್ಕಾರಗಳು ಸಹಿ ಹಾಕಿದ ಒಪ್ಪಂದದಿಂದ 1948ರಲ್ಲಿ ಹುಟ್ಟಿದ್ದು ವಿಶ್ವ ಆರೋಗ್ಯ ಸಂಸ್ಥೆ. ದೇಶಗಳೇ ಅದರ ಸದಸ್ಯರು. ನೀವು ಎಷ್ಟು ದೇಣಿಗೆ ಕೊಟ್ಟರೂ ಅಲ್ಲಿ ಮತ ಸಿಗುವುದಿಲ್ಲ. ರೆಡ್‌ಕ್ರಾಸ್ ಸಮಿತಿಯನ್ನು 1863ರಲ್ಲಿ ಕಟ್ಟಿದವರು ಜಿನೀವಾದ ಐವರು ನಾಗರಿಕರು. (ಯುದ್ಧಕಾಲದ ಹೊಣೆಯನ್ನು ಜಿನೀವಾ ಒಪ್ಪಂದಗಳೇ ಅದಕ್ಕೆ ವಹಿಸಿರುವುದರಿಂದ, ಅದನ್ನು ಅಪ್ಪಟ ಎನ್‌ಜಿಒ ಎನ್ನಲು ಹಿಂದೆಮುಂದೆ ನೋಡುವವರಿದ್ದಾರೆ.) ನಮ್ಮಲ್ಲಾದರೆ ಏಳು ಜನ ಕೂಡಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಬಹುದು.

ನನಗೆ ಈ ವ್ಯತ್ಯಾಸ ತಲೆಗೆ ಹತ್ತಿದ್ದು ಪುಸ್ತಕದಿಂದಲ್ಲ. ಗದಗಿನ ಒಂದು ಸಣ್ಣ ಸಂಸ್ಥೆಯಲ್ಲಿ ಕಿರ್ದಿ, ಖತಾವಣಿ ಬರೆಯುವುದು ನನ್ನ ಕೆಲಸ. ಹೊರದೇಶದ ಎನ್‌ಜಿಒ ರೋಣ ತಾಲ್ಲೂಕಿನ ಕೆರೆಯ ಹೂಳೆತ್ತಲು ದುಡ್ಡು ಕೊಟ್ಟರೂ, ವಿದೇಶಿ ವಂತಿಗೆ ಕಾಯ್ದೆಯ 2020ರ ತಿದ್ದುಪಡಿಯಂತೆ ಅದು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಲೆಕ್ಕವನ್ನೂ ಬೇರೆಯಾಗಿಯೇ ಇಡಬೇಕು. ಹೊಸತರಲ್ಲಿ ನಾನು ವಿಶ್ವಸಂಸ್ಥೆಯ ಅಂಗಸಂಸ್ಥೆಯೊಂದರ ಹಣವನ್ನೂ ಅದೇ ಪುಸ್ತಕಕ್ಕೆ ಏರಿಸಿದ್ದೆ. ಹಿರಿಯ ಲೆಕ್ಕ ಪರಿಶೋಧಕರು ಕೆಂಪು ಶಾಯಿಯಲ್ಲಿ ಗೀಟು ಎಳೆದು, "ತಂಗಿ, ಆ ಮನೆಯಲ್ಲಿ ಭಾರತವೂ ಪಾಲುದಾರ. ಪರರ ದುಡ್ಡೆಂದು ಬರೆದಿದ್ದೀಯಲ್ಲ!" ಎಂದರು. ಕಾಯ್ದೆ ತೆರೆದು ನೋಡಿದೆ: ವಿಶ್ವಸಂಸ್ಥೆ, ಅದರ ವಿಶೇಷ ಸಂಸ್ಥೆಗಳು, ವಿಶ್ವಬ್ಯಾಂಕ್ ಇವು "ವಿದೇಶಿ ಮೂಲ"ದ ವ್ಯಾಖ್ಯೆಯಿಂದಲೇ ಹೊರಗಿವೆ.

ಈ ಎರಡೂ ಬಗೆಯ ಸಂಸ್ಥೆಗಳು ಒಂದೇ ಕೋಣೆಯಲ್ಲಿ ಕೂರುವುದೂ ಉಂಟು. 1905ರಲ್ಲಿ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಗೊತ್ತಲ್ಲ. ಅಂಥ ಸಂಘಗಳ ಜಾಗತಿಕ ಒಕ್ಕೂಟವಾದ ಅಂತರರಾಷ್ಟ್ರೀಯ ಸಹಕಾರಿ ಮೈತ್ರಿಕೂಟ 1895ರದು, ಸರ್ಕಾರೇತರ. 2025ನ್ನು ಸಹಕಾರ ವರ್ಷವೆಂದು ಘೋಷಿಸಿದ್ದು ವಿಶ್ವಸಂಸ್ಥೆ, ಅಂದರೆ ದೇಶಗಳು. ವಿಶ್ವಸಂಸ್ಥೆಯ ಸನ್ನದಿನ 71ನೇ ವಿಧಿಯ ಬಲದಿಂದ ಅದರ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಮೈತ್ರಿಕೂಟದಂಥವರನ್ನು ಸಮಾಲೋಚನೆಗೆ ಕರೆಯುತ್ತದೆ. ಅವರು ಅಲ್ಲಿ ಮಾತನಾಡಬಹುದು, ಕೈ ಎತ್ತಿ ಮತ ಹಾಕುವಂತಿಲ್ಲ.