‘ಹೇರಲಾಯಿತು’ ಅಂದರೆ ಯಾರು ಹೇರಿದರು?

ನಮಸ್ಕಾರ.

ಫೆಂಟನಿಲ್ ಎಂಬ ತೀವ್ರ ನೋವುನಿವಾರಕದ ಕಳ್ಳಸಾಗಣೆ ತಡೆಯಲು ಅಮೆರಿಕ ತಂದ ಕಾನೂನಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು. ಶ್ರಮಪಟ್ಟಿದ್ದೀರಿ. ಕಾಗುಣಿತದ ತಪ್ಪಿಲ್ಲ. ಹೊಗಳಿಕೆ ಇಷ್ಟೇ.

ಸಿಟ್ಟು ಬಂದದ್ದು ಎರಡನೇ ಪ್ಯಾರಾದಲ್ಲಿ. ‘2024ರಲ್ಲಿ ಮಾದಕವಸ್ತು ಜಾಲಗಳ ಮೇಲೆ ಕಠಿಣ ನಿರ್ಬಂಧ ಹೇರಲಾಯಿತು’ ಅಂತ ಬರೆದಿದ್ದೀರಿ. ಯಾರು ಹೇರಿದರು? ಆ ವರ್ಷ ಏಪ್ರಿಲ್ 24ರಂದು ಆಗಿನ ಅಧ್ಯಕ್ಷ ಬೈಡನ್ ಸಹಿ ಹಾಕಿದ ‘ಫೆಂಡ್ ಆಫ್ ಫೆಂಟನಿಲ್’ ಕಾನೂನು ತಾನೇ ನಿಮ್ಮ ವಿಷಯ? ಉಕ್ರೇನಿಗೂ ಇಸ್ರೇಲಿಗೂ ನೆರವು ಕೊಡುವ ಮಸೂದೆಯ ಬಾಲ ಹಿಡಿದು ಪಾಸಾಯಿತಲ್ಲ, ಅದೇ. ಅದರ ಹೆಸರು ಎಲ್ಲೂ ಇಲ್ಲ! ನಿರ್ಬಂಧಕ್ಕೆ ಒಳಗಾದವರ ಪಟ್ಟಿಗೆ ಹೆಸರು ಸೇರಿಸುವುದು ಅಮೆರಿಕದ ಖಜಾನೆ ಇಲಾಖೆಯ ಓಫ್ಯಾಕ್ ಎಂಬ ಕಚೇರಿ. ಹೆಸರು ಬಿದ್ದ ಮೇಲೆ ಏನಾಗುತ್ತದೆ? ಅಮೆರಿಕದ ಬ್ಯಾಂಕಿನಲ್ಲಿ ಅವನ ದುಡ್ಡಿದ್ದರೆ ಅಲ್ಲೇ ಲಾಕ್. ಅಮೆರಿಕದವರು ಅವನ ಜೊತೆ ವ್ಯವಹಾರ ಮಾಡುವಂತಿಲ್ಲ. ಅವನ ಪಾಲು ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಂಪನಿಗೂ ಇದೇ ಗತಿ. ಓದುಗನಿಗೆ ಬೇಕಾದದ್ದು ಇದು. ನೀವು ‘ಕಠಿಣ’ ಅಂದು ಸುಮ್ನೆ ದಾಟಿಬಿಟ್ಟಿರಿ.

ಮುಂದಿನ ಸಾಲು: ‘ಈ ನಿಷೇಧದಿಂದ ದಂಧೆಗೆ ಕಡಿವಾಣ ಬಿದ್ದಿದೆ.’ ಈಗಷ್ಟೇ ನಿರ್ಬಂಧ ಆಗಿದ್ದದ್ದು ಅಷ್ಟರಲ್ಲೇ ನಿಷೇಧ ಹೇಗಾಯಿತು? ನಿಷೇಧ ವಸ್ತುವಿಗೆ. ಈ ನಿರ್ಬಂಧ ಮನುಷ್ಯನ ಗಂಟಿಗೆ. ಫೆಂಟನಿಲ್ ಅನ್ನು ಯಾರೂ ಪೂರ್ತಿ ನಿಷೇಧಿಸಿಲ್ಲ ಕಣ್ರೀ. ಅಲ್ಲೂ, ನಮ್ಮ ಬೆಂಗಳೂರಿನ ಆಪರೇಷನ್ ಥಿಯೇಟರಿನಲ್ಲೂ ಅರಿವಳಿಕೆ ವೈದ್ಯರು ಬಳಸುವ ಔಷಧ ಅದು. ಕಳ್ಳದಾರಿಯ ಮಾತ್ರೆಯಲ್ಲಿ ಎರಡು ಮಿಲಿಗ್ರಾಂ ಇದ್ದರೂ ಜೀವ ಹೋಗಬಹುದು, ಅದು ಬೇರೆ ಮಾತು. ಇನ್ನು ಕಡಿವಾಣ. ಇಲ್ಲಿ ಕುದುರೆ ಎಲ್ಲಿದೆ? ಅದರ ಬದಲು ನಡೆದದ್ದನ್ನು ಬರೆಯಿರಿ. 2025ರ ಜೂನ್‌ನಲ್ಲಿ ಖಜಾನೆ ಇಲಾಖೆ ಈ ಕಾನೂನು ಕೊಟ್ಟ ಹೊಸ ಅಧಿಕಾರವನ್ನು ಮೊದಲ ಸಲ ಬಳಸಿತು. ಮೆಕ್ಸಿಕೋದ ಎರಡು ಬ್ಯಾಂಕು, ಒಂದು ದಲ್ಲಾಳಿ ಸಂಸ್ಥೆಯ ಜೊತೆ ಹಣದ ವರ್ಗಾವಣೆ ನಿಲ್ಲಿಸಿ ಅಂತ ಅಮೆರಿಕದ ಬ್ಯಾಂಕುಗಳಿಗೆ ಆದೇಶ ಕೊಟ್ಟಿತು.

ಇಷ್ಟು ರೇಗುವುದಕ್ಕೆ ಕಾರಣವಿದೆ. ಪತ್ರಿಕೆಯ ಡೆಸ್ಕಿಗೆ ಸೇರಿದ ಹೊಸತರಲ್ಲಿ ನಾನೂ ಒಂದು ಸುದ್ದಿಯ ಕೊನೆಗೆ ‘ಕ್ರಮ ಕೈಗೊಳ್ಳಲಾಯಿತು’ ಅಂತ ಬರೆದಿದ್ದೆ. ಹಿರಿಯ ಉಪಸಂಪಾದಕರು ಕನ್ನಡಕವನ್ನು ಹಣೆಗೇರಿಸಿ, ‘ಕೈ ಯಾರದೋ ಮಾರಾಯ?’ ಅಂದರು. ನಾನು ತಲೆ ಕೆರೆದುಕೊಂಡೆ. ‘ಫೋನ್ ಮಾಡಿ ಕೇಳು’ ಅಂದರು. ಆಗ ಒಂದೊಂದು ಟ್ರಂಕ್ ಕಾಲ್‌ಗೂ ಗಂಟೆಗಟ್ಟಲೆ ಕಾಯಬೇಕಿತ್ತು. ಮೂರನೇ ಕಾಲ್‌ಗೆ ಗೊತ್ತಾಯಿತು, ಯಾರೂ ಏನೂ ಕೈಗೊಂಡಿರಲೇ ಇಲ್ಲ.

ನಿಮ್ಮ ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೊದಲು ‘ಲಾಯಿತು’ಗಳನ್ನು ತೆಗೆದು ಕಳಿಸಿ. ಎಣಿಸಿದ್ದೇನೆ, 14 ಇವೆ.