ತಲೆ ಎಷ್ಟು ಹೊತ್ತು ತಿರುಗಿತು? ಬರೆದಿಡಿ

ಪ್ರಶ್ನೆ: ನನಗೆ 46 ವರ್ಷ. ಐದು ತಿಂಗಳಿಂದ ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು. ಆಗಾಗ ಆ ಕಿವಿ ಕಟ್ಟಿದಂತಾಗಿ ಸದ್ದು ಜಾಸ್ತಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಇಡೀ ಕೋಣೆ ಗರಗರ ತಿರುಗುತ್ತದೆ, ವಾಂತಿಯಾಗುತ್ತದೆ. ಮೂರು ಸಲ ಹೀಗಾಗಿದೆ. ಹೋದ ಸಲ ಬಚ್ಚಲುಮನೆಯಲ್ಲಿ ಗೋಡೆ ಹಿಡಿದು ಕೂತುಬಿಟ್ಟೆ. ಬಿಪಿ, ಶುಗರ್ ಎರಡೂ ಸರಿಯಾಗಿವೆ. ಒಬ್ಬ ವೈದ್ಯರು ತಲೆಸುತ್ತಿನ ಮಾತ್ರೆ ಕೊಟ್ಟು ‘ಟೆನ್ಷನ್ ಮಾಡ್ಕೋಬೇಡಿ’ ಎಂದರು. ಮೂರು ತಿಂಗಳಿಂದ ಅದನ್ನೇ ದಿನಾ ನುಂಗುತ್ತಿದ್ದೇನೆ. ಮನೆಯವರಿಗೆ ಇದೆಲ್ಲ ನೆಪ ಅನ್ನಿಸಿದೆ. ಡಾಕ್ಟರೇ, ಮೆದುಳಿಗೆ ಏನಾದರೂ ಆಗಿದೆಯಾ?

ಉತ್ತರ: ನಿಮ್ಮ ಪತ್ರವನ್ನು ಮನೆಯವರಿಗೂ ತೋರಿಸಿ. ಇದು ನೆಪ ಅಲ್ಲ. ಒಳಗಿವಿಯ ತೊಂದರೆ ಹೊರಗೆ ಕಾಣುವುದಿಲ್ಲ. ಗಾಯವಿಲ್ಲ, ಜ್ವರವಿಲ್ಲ, ಬಿಪಿ ಸರಿಯಿದೆ. ಹಾಗಾಗಿ ಯಾರೂ ನಂಬುವುದಿಲ್ಲ. ನನ್ನ ಮುಂದೆ ಕೂತವರು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು, ಕತ್ತು ಹೊರಳಿಸದೆ ಕಣ್ಣನ್ನಷ್ಟೇ ನನ್ನ ಕಡೆ ತಿರುಗಿಸಿದಾಗ ನನಗೆ ಗೊತ್ತಾಗುತ್ತದೆ, ಇವರು ಎಷ್ಟು ಹೆದರಿದ್ದಾರೆ ಅಂತ.

ನೀವು ಇಷ್ಟೆಲ್ಲ ಬರೆದಿದ್ದೀರಿ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಬಿಟ್ಟುಹೋಗಿದೆ. ಕೋಣೆ ಎಷ್ಟು ಹೊತ್ತು ತಿರುಗಿತು? ಅರ್ಧ ನಿಮಿಷವಾ, ಎರಡು ಗಂಟೆಯಾ, ಎರಡು ದಿನವಾ?

ಒಮ್ಮೆ ಒಬ್ಬರು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು ಬಂದಿದ್ದರು: ‘ಬೆಳಿಗ್ಗೆ 6.10. ಬಲಕ್ಕೆ ಹೊರಳಿದೆ. 30 ಎಣಿಸುವಷ್ಟರಲ್ಲಿ ನಿಂತಿತು.’ ಕೆಳಗಿನ ನಾಲ್ಕು ಸಾಲೂ ಹೆಚ್ಚುಕಡಿಮೆ ಅದೇ. ಕಿವಿ ಸದ್ದಿಲ್ಲ, ಕೇಳಿಸುವುದರಲ್ಲಿ ಕೊರತೆಯಿಲ್ಲ. ಆ ಹಾಳೆ ಓದಿದಾಗಲೇ ಅರ್ಧ ಕೆಲಸ ಮುಗಿದಿತ್ತು. ಒಳಗಿವಿಯಲ್ಲಿರುವ ಸಣ್ಣ ಸುಣ್ಣದ ಹರಳುಗಳು ಜಾಗ ತಪ್ಪಿದರೆ ಹೀಗೆ ಆಗುತ್ತದೆ. ಅವರನ್ನು ಮಂಚದ ಮೇಲೆ ಮಲಗಿಸಿ, ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳನ್ನು ಮೊದಲಿನ ಜಾಗಕ್ಕೆ ಜಾರಿಸಿದೆವು. ಮಾತ್ರೆ ಬೇಕಾಗಲಿಲ್ಲ.

ನಿಮ್ಮದು ಹಾಗೆ ಕಾಣುವುದಿಲ್ಲ. ಒಂದೇ ಕಿವಿ, ಅದೇ ಕಿವಿ ಕಟ್ಟುವುದು, ಸದ್ದು ಏರುವುದು, ಆಮೇಲೆ ತಿರುಗುವುದು. ಇವು ಒಟ್ಟಿಗೆ ಬಂದರೆ ನನಗೆ ಮೊದಲು ನೆನಪಾಗುವುದು ಮೆನಿಯರ್ಸ್ ಕಾಯಿಲೆ. 1861ರಲ್ಲಿ ಪ್ರೊಸ್ಪೆರ್ ಮೆನಿಯರ್ ಎಂಬ ಫ್ರೆಂಚ್ ವೈದ್ಯ, ಇಂಥ ತಲೆಸುತ್ತಿನ ಮೂಲ ಮೆದುಳಲ್ಲ, ಒಳಗಿವಿ ಎಂದು ತೋರಿಸಿಕೊಟ್ಟರು. ನಿಮ್ಮ ಹೆದರಿಕೆಯೂ ಮೆದುಳಿನದೇ ಅಲ್ವಾ? ಒಳಗಿವಿಯಲ್ಲಿ ಕೇಳಿಸಲು ಬಸವನಹುಳುವಿನ ಚಿಪ್ಪಿನಂಥ ಒಂದು ಭಾಗ, ಸಮತೋಲನಕ್ಕೆ ಮೂರು ಪುಟ್ಟ ಬಳೆಗಳಂಥ ಕೊಳವೆಗಳು. ಎರಡರೊಳಗೂ ಇರುವುದು ಒಂದೇ ದ್ರವ. ಆ ದ್ರವ ಜಾಸ್ತಿಯಾಗಿ ಒಳಗೆ ಉಬ್ಬರಿಸಿದರೆ ಕಿವಿಯೂ ಕೆಡುತ್ತದೆ, ತಲೆಯೂ ತಿರುಗುತ್ತದೆ. ಈ ಕಾಯಿಲೆಯಲ್ಲಿ ಒಂದೊಂದು ಸುತ್ತು 20 ನಿಮಿಷದಿಂದ 12 ಗಂಟೆಯವರೆಗೆ ಇರುತ್ತದೆ. ಅದಕ್ಕೇ ನಾನು ಗಡಿಯಾರದ ಬಗ್ಗೆ ಇಷ್ಟು ಕೇಳುತ್ತಿರುವುದು.

ಪತ್ರ ನೋಡಿ ಇದೇ ಅಂತ ಮುದ್ರೆ ಒತ್ತಲಾರೆ. ಮೈಗ್ರೇನ್ ಕೂಡ ತಲೆ ತಿರುಗಿಸುತ್ತದೆ, ಎಷ್ಟೋ ಸಲ ತಲೆನೋವೇ ಇಲ್ಲದೆ. ನೀವು ಮೊದಲು ಮಾಡಿಸಬೇಕಾದದ್ದು ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಎಂಬ ಪರೀಕ್ಷೆ. ಐದು ತಿಂಗಳಾದರೂ ಇದನ್ನು ಯಾರೂ ಮಾಡಿಸಿಲ್ಲ ಅನ್ನುವುದು ನನಗೆ ಬೇಸರ ತಂದಿದೆ. ಮೆನಿಯರ್ಸ್‌ನಲ್ಲಿ ಶುರುವಿಗೆ ದಪ್ಪ ದನಿಗಳು ಮಂದವಾಗುತ್ತವೆ, ಗ್ರಾಫ್ ನೋಡಿದರೆ ತಿಳಿಯುತ್ತದೆ. ತೊಂದರೆ ಒಂದೇ ಕಿವಿಗೆ ಇರುವುದರಿಂದ ವೈದ್ಯರು ಎಂಆರ್‌ಐ ಸ್ಕ್ಯಾನ್ ಕೂಡ ಮಾಡಿಸಲು ಹೇಳಬಹುದು. ಕಿವಿಯ ನರದ ಮೇಲೆ ಅಪರೂಪಕ್ಕೆ ಬೆಳೆಯುವ ಗಡ್ಡೆ ಇಲ್ಲವೆಂದು ಖಚಿತ ಮಾಡಿಕೊಳ್ಳಲು ಅದು. ಆ ಗಡ್ಡೆ ಕ್ಯಾನ್ಸರ್ ಅಲ್ಲ. ಚೀಟಿಯಲ್ಲಿ ಎಂಆರ್‌ಐ ಎಂದು ಬರೆದ ತಕ್ಷಣ ಗಾಬರಿಯಾಗಬೇಡಿ.

ಈಗ ಆ ಮಾತ್ರೆಯ ವಿಷಯ. ಚೀಟಿಯಲ್ಲಿ ಹೆಸರು ನೋಡಿ. ಸಿನ್ನಾರಿಜಿನ್ ಅಥವಾ ಪ್ರೋಕ್ಲೋರ್‌ಪೆರಜಿನ್ ಆಗಿದ್ದರೆ ಅವು ತಲೆ ತಿರುಗುವ ಆ ಹೊತ್ತಿಗೆ, ಹೆಚ್ಚೆಂದರೆ ಎರಡು ಮೂರು ದಿನಕ್ಕೆ. ತಿಂಗಳುಗಟ್ಟಲೆ ನುಂಗಿದರೆ ಮೆದುಳು ತಾನೇ ಹೊಂದಿಕೊಳ್ಳುವುದನ್ನು ಅವು ತಡೆಯುತ್ತವೆ. ಕೆಲವರಿಗೆ ಕೈ ನಡುಕ, ನಡಿಗೆ ನಿಧಾನ ಆಗುವುದೂ ಉಂಟು. ಬೀಟಾಹಿಸ್ಟಿನ್ ಬೇರೆ ಬಗೆಯದು, ಅದನ್ನು ಹೆಚ್ಚು ಕಾಲ ಕೊಡುತ್ತಾರೆ. ಯಾವುದೇ ಇರಲಿ, ಈ ವಾರವೇ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ ಕೇಳಿ.

ಮತ್ತೆ ಬಂದರೆ ನಿಂತಲ್ಲೇ ಕೂತುಬಿಡಿ, ಸಾಧ್ಯವಾದರೆ ಮಲಗಿ. ಕಣ್ಣನ್ನು ಅಲ್ಲಾಡದ ಒಂದು ವಸ್ತುವಿನ ಮೇಲೆ ನೆಡಿ. ಕಿವಿ ಕಟ್ಟಲು ಶುರುವಾದರೆ ಅದೇ ಮುನ್ಸೂಚನೆ. ಆಗ ಗಾಡಿ ಓಡಿಸಬೇಡಿ, ಏಣಿ ಹತ್ತಬೇಡಿ, ಬಚ್ಚಲಿನ ಚಿಲಕ ಹಾಕಿಕೊಳ್ಳಬೇಡಿ. ಉಪ್ಪು ಕಡಿಮೆ ಮಾಡಿದರೆ ಕೆಲವರಿಗೆ ಗುಣ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುವುದೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂದು, ಅಲ್ಲಿಂದ ಶುರು ಮಾಡಿ. ಇದಕ್ಕೂ ಬಗ್ಗದಿದ್ದರೆ ಕಿವಿಯೊಳಗೆ ಕೊಡುವ ಇಂಜೆಕ್ಷನ್‌ಗಳಿವೆ. ಅದು ಆಮೇಲಿನ ಮಾತು.

ಎರಡು ಸಂದರ್ಭದಲ್ಲಿ ಮಾತ್ರ ನನ್ನ ಉತ್ತರಕ್ಕೂ ಕಾಯಬೇಡಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಪಾರ್ಶ್ವವಾಯು ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ. ಇನ್ನೊಂದು, ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋಗುವುದು. ಗುಗ್ಗೆ ಅಂದುಕೊಂಡು ಡ್ರಾಪ್ಸ್ ಬಿಟ್ಟು ವಾರಗಟ್ಟಲೆ ಕಾದವರನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ. ಬಾಯಿ ಮುಚ್ಚಿ ‘ಮ್’ ಎಂದು ಗುನುಗಿ ನೋಡಿ. ದನಿ ಒಳ್ಳೆಯ ಕಿವಿಯ ಕಡೆಗೇ ಸರಿದರೆ ನರದ ತೊಂದರೆ ಇರಬಹುದು. ಅದಕ್ಕೆ ಸ್ಟೀರಾಯ್ಡ್ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಎರಡು ವಾರ ಕಳೆದರೆ ಉಪಯೋಗ ಕಡಿಮೆ.

ಪ್ರಶ್ನೆ: ನನಗೆ 63. ತಲೆಸುತ್ತಿಲ್ಲ. ಆದರೆ ರಾತ್ರಿ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದಂತೆ. ‘ವಯಸ್ಸಾಯ್ತು, ಸಹಿಸಿಕೊಳ್ಳಿ’ ಅನ್ನುತ್ತಾರೆ.

ಉತ್ತರ: ಸುಮ್ನೆ ಸಹಿಸಿಕೊಳ್ಳಬೇಕಾಗಿಲ್ಲ. ವಯಸ್ಸಿನೊಂದಿಗೆ ತೆಳು ದನಿಗಳು ಕೇಳಿಸುವುದು ಕಡಿಮೆಯಾದಾಗ ಹೀಗಾಗುವುದು ಸಾಮಾನ್ಯ. ಆಡಿಯೋಮೆಟ್ರಿ ಮಾಡಿಸಿ. ಕೊರತೆ ಇದ್ದರೆ ಶ್ರವಣ ಸಾಧನ ಹಾಕಿಕೊಳ್ಳಿ, ಹೊರಗಿನ ಮಾತು ಕೇಳಿಸತೊಡಗಿದರೆ ಒಳಗಿನ ಸದ್ದು ಹಿಂದೆ ಸರಿಯುತ್ತದೆ. ರಾತ್ರಿ ಪೂರ್ತಿ ನಿಶ್ಶಬ್ದದಲ್ಲಿ ಮಲಗಬೇಡಿ. ಫ್ಯಾನಿನ ಸದ್ದೋ, ಫೋನಿನಲ್ಲಿ ಮಳೆಯ ಸದ್ದೋ ಇರಲಿ, ಜೀರುಂಡೆಗಿಂತ ಒಂದು ಚೂರು ಮೆಲ್ಲಗೆ. ಸದ್ದು ನಾಡಿಯ ಬಡಿತದ ತಾಳಕ್ಕೆ ಡಬ್ ಡಬ್ ಅಂತ ಬರುತ್ತಿದ್ದರೆ ಮಾತ್ರ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅದರ ಕಾರಣ ರಕ್ತನಾಳದಲ್ಲಿರಬಹುದು, ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.